ಬಳ್ಳಾರಿಯಲ್ಲಿ ಹೊರಗೆ ತಿನ್ನುವುದಾದರೆ: ಒಗ್ಗರಣಿ-ಮಿರ್ಚಿಯಿಂದ ಸ್ಯಾಂಡ್‌ವಿಚ್‌ವರೆಗೆ, ಒಳ್ಳೆ ಅಂಗಡಿ ಗುರುತಿಸುವ ಬಗೆ

ಅಕ್ಕನ ಮಗಳು ತುಮಕೂರಿನಿಂದ ಬಂದು ಇಲ್ಲಿನ ಸರ್ಕಾರಿ ಮೆಡಿಕಲ್ ಕಾಲೇಜಾದ, ನಾವು ಈಗಲೂ ಹಳೇ ಹೆಸರಿನಲ್ಲೇ ಕರೆಯುವ ವಿಮ್ಸ್‌ಗೆ ಸೇರಿದ ಮೊದಲ ವಾರವೇ ಫೋನ್ ಮಾಡಿದಳು. "ಚಿಕ್ಕಮ್ಮ, ಈ ಊರಲ್ಲಿ ಚೆನ್ನಾಗಿರೋ ಕೆಫೆ ಯಾವ್ದಿದೆ? ಸ್ಯಾಂಡ್‌ವಿಚ್ ಎಲ್ಲಿ ಚೆನ್ನಾಗಿ ಮಾಡ್ತಾರೆ?" ಹಾಸ್ಟೆಲ್ ಊಟ ಹಿಡಿಸಿಲ್ಲ ಅನ್ನುವುದು ದನಿಯಲ್ಲೇ ಗೊತ್ತಾಯಿತು. "ಭಾನುವಾರ ಬೆಳಿಗ್ಗೆ ಏಳಕ್ಕೆ ಗೇಟ್ ಹತ್ರ ನಿಂತಿರು, ಬರ್ತೀನಿ" ಅಂದೆ. "ಏಳಕ್ಕಾ?" ಅಂದಳು. ಹೌದು, ಏಳಕ್ಕೇ. ಬಳ್ಳಾರಿಯಲ್ಲಿ ಹೊರಗೆ ತಿನ್ನುವುದನ್ನು ಕಲಿಯಬೇಕಾದರೆ ಮೊದಲು ಹೊತ್ತು ಕಲಿಯಬೇಕು.

ನಾನು ಸತ್ಯನಾರಾಯಣಪೇಟೆಯಲ್ಲಿ ಹುಟ್ಟಿ ಬೆಳೆದವಳು. ಆಡಿಟರ್ ಒಬ್ಬರ ಆಫೀಸಿನಲ್ಲಿ ಹತ್ತೊಂಬತ್ತು ವರ್ಷದಿಂದ ಕೆಲಸ. ಸಹಕಾರ ಸಂಘ, ಅಕ್ಕಿ ಗಿರಣಿ, ದಲಾಲಿ ಅಂಗಡಿಗಳ ಲೆಕ್ಕ ನೋಡಲು ಸಿರುಗುಪ್ಪ, ಸಿಂಧನೂರು, ರಾಯಚೂರು, ಗಂಗಾವತಿ, ಕೊಪ್ಪಳ ಅಂತ ಬಸ್ಸು-ರೈಲು ಹತ್ತುತ್ತಲೇ ಇರುತ್ತೇನೆ. ತಿಂಗಳಿಗೆ ಹನ್ನೆರಡು-ಹದಿನೈದು ದಿನ ಬೆಳಗಿನ ತಿಂಡಿ ಹೊರಗೇ, ಅದೂ ಒಬ್ಬಳೇ. ಕೆಳಗೆ ಬರೆದಿರುವುದೆಲ್ಲ ಹಾಗೆ ತಿಂದು, ಕೆಲವು ಸಲ ಕಷ್ಟಪಟ್ಟು ಕಲಿತದ್ದು. ಅಂಗಡಿಗಳ ಹೆಸರಿನ ಪಟ್ಟಿ ಕೊಟ್ಟಿಲ್ಲ. ನಾನು ತಿನ್ನುವ ಬಂಡಿಗಳಲ್ಲಿ ಬಹಳಷ್ಟಕ್ಕೆ ಬೋರ್ಡೇ ಇಲ್ಲ, ಬೋರ್ಡ್ ಇದ್ದ ಕಡೆಯೂ ಬಾಣಲೆ ಮುಂದೆ ನಿಂತ ಕೈ ಬದಲಾದರೆ ರುಚಿ ಬದಲಾಗುತ್ತದೆ. ನೀವು ಯಾವ ಬೀದಿಗೆ ಹೋದರೂ ಒಳ್ಳೆಯದು ಯಾವುದು ಅಂತ ನಿಮ್ಮ ಕಣ್ಣಿಗೇ ಕಾಣಬೇಕು, ನನಗೆ ಬೇಕಾಗಿರುವುದು ಅದು.

ಮೊದಲು ಹೊತ್ತು

ಇಲ್ಲಿನ ಒಳ್ಳೆ ಅಂಗಡಿ ಒಂದು ಹೊತ್ತಿಗೆ ಒಂದು ಪದಾರ್ಥ ಮಾಡುತ್ತದೆ. ಒಗ್ಗರಣಿ-ಮಿರ್ಚಿ, ಅಂದರೆ ನೆನೆಸಿ ಕಲಸಿದ ಮಂಡಕ್ಕಿ, ಜೊತೆಗೆ ಮೆಣಸಿನಕಾಯಿ ಬಜ್ಜಿ, ಬೆಳಿಗ್ಗೆ ಏಳರಿಂದ ಒಂಬತ್ತೂವರೆ. ಖಾನಾವಳಿ ಮಧ್ಯಾಹ್ನ ಹನ್ನೆರಡೂವರೆಯಿಂದ ಎರಡು. ಬೇಕರಿಗೆ ಸಂಜೆ ನಾಲ್ಕರ ಮೇಲೆ. ಬರೀ ಮಿರ್ಚಿ ಬೇಕಾದರೆ ಐದೂವರೆಯಿಂದ ಏಳೂವರೆ. ಏಪ್ರಿಲ್-ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ಅದು ಆರೂವರೆಗೆ ಜಾರುತ್ತದೆ. ಬಂಡಿಯವರೂ ಮನುಷ್ಯರೇ, ಆ ಸೆಕೆಯಲ್ಲಿ ಕುದಿಯುವ ಎಣ್ಣೆ ಮುಂದೆ ನಿಲ್ಲಲಾಗುವುದಿಲ್ಲ.

ಹನ್ನೊಂದು ಗಂಟೆಗೆ ಎದ್ದು ಹೋಗಿ "ಬಳ್ಳಾರಿ ಒಗ್ಗರಣಿ ಏನೂ ಸ್ಪೆಷಲ್ ಇಲ್ಲ" ಅನ್ನುವವರನ್ನು ಕಂಡರೆ ನನಗೆ ನಿಜವಾಗಿ ಬೇಜಾರಾಗುತ್ತದೆ. ಅವರು ತಿಂದದ್ದು ತಣ್ಣಗಾದ ಉಳಿಕೆ.

ಹೊತ್ತಾದ ಮೇಲೆ ಜನ ನೋಡಿ. ಕಾರು ಎಷ್ಟು ನಿಂತಿವೆ ಅನ್ನುವುದರಿಂದ ಏನೂ ತಿಳಿಯದು. ಎಪಿಎಂಸಿ ಹಮಾಲರು, ರಾತ್ರಿ ಪಾಳಿ ಮುಗಿಸಿ ಬಂದ ನರ್ಸ್‌ಗಳು, ಆಟೋದವರು, ಕೌಲ್ ಬಜಾರ್ ಕಡೆಯಾದರೆ ಜೀನ್ಸ್ ಹೊಲಿಯುವ ಘಟಕಗಳ ಹುಡುಗರು, ಇವರು ದಿನಾ ತಿನ್ನುವವರು. ದಿನಾ ತಿನ್ನುವವರು ಹೊಟ್ಟೆ ಕೆಡಿಸುವ ಜಾಗಕ್ಕೆ ಎರಡನೇ ಸಲ ಹೋಗುವುದಿಲ್ಲ, ದುಡ್ಡಿಗೆ ಸರಿಯಾಗಿ ಕೊಡದ ಜಾಗಕ್ಕೂ ಹೋಗುವುದಿಲ್ಲ. ಹೆಂಗಸರು ನಿಂತು ತಿನ್ನುತ್ತಿದ್ದಾರಾ ಅಂತಲೂ ನೋಡಿ. ಒಂಟಿ ಹೆಣ್ಣುಮಕ್ಕಳಿಗೆ ಇದು ಬಹಳ ಮುಖ್ಯ. ಬಂಡಿಯ ಹಿಂದೆ ಹೆಂಗಸೊಬ್ಬರು ಇದ್ದರೆ ನಾನು ಯೋಚನೆ ಮಾಡದೆ ನಿಲ್ಲುತ್ತೇನೆ. ತಟ್ಟೆ ಹಿಡಿದು ಗೋಡೆ ಕಡೆ ತಿರುಗಿ ತಿನ್ನಬೇಕಾದ ಅಗತ್ಯ ಅಲ್ಲಿ ಇರುವುದಿಲ್ಲ.

ಒಗ್ಗರಣಿ

ಆ ಭಾನುವಾರ ಹುಡುಗಿಯನ್ನು ಕರೆದುಕೊಂಡು ಹೋದದ್ದು ಅಂಥದೇ ಒಂದು ಬಂಡಿಗೆ, ಕೌಲ್ ಬಜಾರ್ ರಸ್ತೆಯ ಒಳಗಿನ ಓಣಿಯಲ್ಲಿ. ನಡೆಸುವವರು ಅರವತ್ತು ದಾಟಿದ ಒಬ್ಬ ಅವ್ವ, ಜೊತೆಗೆ ಅವರ ಸೊಸೆ.

"ಹುಡುಗಿ ಹೊಸಬಳೇನವ್ವಾ?"

"ಹೌದವ್ವ, ನಮ್ಮಕ್ಕನ ಮಗಳು. ದೊಡ್ಡಾಸ್ಪತ್ರಿಯಾಗ ಓದಾಕ ಬಂದಾಳ."

"ಹಂಗಾರ ನಿಂದ್ರು ತಾಯಿ, ಈ ಬೋಗುಣಿ ಮುಗೀತು. ನಿನಗ ಹೊಸಾದ ಕಲಸ್ತೀನಿ."

ಈ ಒಂದು ಮಾತಿನಲ್ಲೇ ಅಂಗಡಿಯ ಗುಣ ಇದೆ. ಒಳ್ಳೆ ಒಗ್ಗರಣಿಯವರು ಬೆಳಿಗ್ಗೆಯೇ ಒಂದು ಗುಡ್ಡೆ ಮಾಡಿ ಇಟ್ಟುಕೊಳ್ಳುವುದಿಲ್ಲ. ಹದಿನೈದು-ಇಪ್ಪತ್ತು ತಟ್ಟೆಗೆ ಆಗುವಷ್ಟು ಕಲಸುತ್ತಾರೆ, ಅದು ಮುಗಿಯುತ್ತಾ ಬಂದಾಗ ಮತ್ತೆ ಕಲಸುತ್ತಾರೆ. ಹತ್ತು ನಿಮಿಷ ಕಾಯಬೇಕಾದರೆ ಕಾಯಿರಿ.

ನೀವೂ ಒಮ್ಮೆ ಹತ್ತಿರ ನಿಂತು ನೋಡಿ. ಅವ್ವ ಚೀಲದಿಂದ ಮಂಡಕ್ಕಿ ತೆಗೆದು ಮೊದಲು ಜರಡಿ ಹಿಡಿದರು. ಮಂಡಕ್ಕಿ ಹುರಿಯುವುದು ಕಾದ ಮರಳಿನಲ್ಲಿ, ಭಟ್ಟಿಯಲ್ಲಿ ಎಷ್ಟೇ ಸೋಸಿದರೂ ಒಂದೆರಡು ಕಣ ಉಳಿದಿರುತ್ತದೆ, ಜರಡಿ ಹಿಡಿಯದ ಅಂಗಡಿಯಲ್ಲಿ ಅದು ನಿಮ್ಮ ಹಲ್ಲಿಗೆ ಸಿಗುತ್ತದೆ. ಆಮೇಲೆ ಅಗಲ ಬೋಗುಣಿಯ ನೀರಿಗೆ ಸುರಿದು, ಅಂಗೈಯಿಂದ ಒಮ್ಮೆ ಒತ್ತಿ ಮುಳುಗಿಸಿ, ಕೂಡಲೇ ಎರಡೂ ಕೈಯಲ್ಲಿ ಬಾಚಿ ಹಿಂಡಿ ಮೇಲೆ ತೆಗೆದರು. ಹತ್ತು ಎಣಿಸುವಷ್ಟು ಹೊತ್ತೂ ನೀರಿನಲ್ಲಿ ಇರಲಿಲ್ಲ. ಹಿಂಡಿದ ಉಂಡೆಯನ್ನು ಬೆರಳಲ್ಲಿ ಬಿಡಿಸಿ ಉದುರಿಸುವಾಗ ಕಾಳು ಕಾಳಾಗಿ ಬಿತ್ತು. ನೆನೆದದ್ದು ಹೆಚ್ಚಾದರೆ ಹಿಟ್ಟಿನ ಮುದ್ದೆ, ಕಡಿಮೆಯಾದರೆ ತಿನ್ನುವಾಗ ಗಂಟಲಿಗೆ ಹಿಡಿಯುತ್ತದೆ. ಸೊಸೆ ಇತ್ತ ಸಾಸಿವೆ, ಜೀರಿಗೆ, ಸೀಳಿದ ಹಸಿಮೆಣಸಿನಕಾಯಿ, ಕರಿಬೇವು ಸಿಡಿಸಿ, ಉಳ್ಳಾಗಡ್ಡಿ ಬಾಡಿಸಿ, ಅರಿಶಿನ ಹಾಕಿ ಬಾಣಲೆ ಕೆಳಗಿಳಿಸಿದ್ದರು. ಇಳಿಸಿದ ಮೇಲೆ ಮಂಡಕ್ಕಿ ಬಿತ್ತು. ಕೊನೆಗೆ ಎರಡು ಹಿಡಿ ಪುಠಾಣಿ ಹಿಟ್ಟು, ಕೊತ್ತಂಬರಿ, ನಿಂಬೆಹಣ್ಣು.

ಪುಠಾಣಿ ಹಿಟ್ಟಿನಲ್ಲೇ ಎಲ್ಲ ಇರುವುದು. ಹುರಿಗಡಲೆಯ ಈ ಪುಡಿ ಮಂಡಕ್ಕಿಯಲ್ಲಿ ಉಳಿದ ಪಸೆಯನ್ನು ಹೀರಿಕೊಂಡು ಕಾಳಿಗೊಂದು ಅಂಗಿ ತೊಡಿಸಿದ ಹಾಗೆ ಹಿಡಿದುಕೊಳ್ಳುತ್ತದೆ. ಅದು ಅಂದಿನ ಪುಡಿಯಾದರೆ ಹುರಿದ ಘಮ ಬರುತ್ತದೆ, ವಾರದ ಹಿಂದಿನದಾದರೆ ಮುಗ್ಗಲು ವಾಸನೆ. ಹುಳಿಗೆ ಕೆಲವರು ನಿಂಬೆ, ಕೆಲವರು ಹುಣಸೆ, ಕೆಲವರು ಟೊಮ್ಯಾಟೊ ಹಾಕುತ್ತಾರೆ. ಟೊಮ್ಯಾಟೊ ನೀರು ಬಿಡುತ್ತದೆ, ನನಗೆ ಸೇರುವುದಿಲ್ಲ. ನಿಂಬೆ ಹಿಂಡಿದ ಒಗ್ಗರಣಿಯೇ ಒಗ್ಗರಣಿ.

ನಮ್ಮ ಒಗ್ಗರಣಿಗೆ ಗಡಿಯಾಚೆ ಕರ್ನೂಲು, ಅನಂತಪುರದವರು ಉಗ್ಗಾಣಿ ಅನ್ನುತ್ತಾರೆ, ಜೊತೆಗೆ ಬಜ್ಜಿ ಇಡುತ್ತಾರೆ. ಅದೂ ಇದೂ ಅಕ್ಕ-ತಂಗಿ. ಬಳ್ಳಾರಿ 1953ರ ಅಕ್ಟೋಬರ್ 1ರವರೆಗೆ ಮದ್ರಾಸ್ ರಾಜ್ಯದಲ್ಲಿ ಆ ಜಿಲ್ಲೆಗಳ ಜೊತೆಗೇ ಇತ್ತು. ಆಡಳಿತ ಬೇರೆಯಾಯಿತು, ಬಾಣಲೆ ಬೇರೆಯಾಗಲಿಲ್ಲ. ಟಿಫಿನ್ ಹೋಟೆಲುಗಳಲ್ಲಿ ಕೆಂಪು ಖಾರ ಸವರಿ ಮೇಲೆ ಪುಠಾಣಿ ಹಿಟ್ಟು ಉದುರಿಸಿದ ಖಾರದ ದೋಸೆ, ಬೇಸಿಗೆಯಲ್ಲಿ ಸೊಗದೆ ಬೇರಿನ ನನ್ನಾರಿ ಶರಬತ್ತು ಸಿಗುವುದೂ ಆ ನಂಟಿನಿಂದಲೇ. ಶರಬತ್ತು ಕುಡಿಯಿರಿ, ಐಸ್ ಬೇಡ ಅನ್ನಿ. ಗೋಣಿಚೀಲದಲ್ಲಿ ಸುತ್ತಿ, ನೆಲದ ಮೇಲೆ ಇಟ್ಟು ಒಡೆಯುವ ಐಸ್ ಗಡ್ಡೆಯನ್ನು ಯಾವ ನೀರಿನಿಂದ ಮಾಡಿರುತ್ತಾರೋ, ನನಗಂತೂ ನಂಬಿಕೆ ಇಲ್ಲ.

ಮಿರ್ಚಿ ಮತ್ತು ಎಣ್ಣೆ

ಮಿರ್ಚಿಗೆ ಬಳಸುವುದು ಉದ್ದದ, ತಿಳಿ ಹಸಿರಿನ, ಖಾರ ಕಡಿಮೆ ಇರುವ ಬಜ್ಜಿ ಮೆಣಸಿನಕಾಯಿ. ಅದನ್ನು ಸೀಳಿ ಒಳಗೆ ಅಜವಾನ, ಉಪ್ಪು, ಹುಣಸೆ ಹುಳಿ ಅರೆದು ಸವರಿದ್ದಾರಾ ನೋಡಿ. ಸವರದೆ ಬರೀ ಕಡ್ಲೆಹಿಟ್ಟಿನಲ್ಲಿ ಅದ್ದಿ ಬಿಟ್ಟರೆ ಹಿಟ್ಟು ಬೇರೆ ಕಾಯಿ ಬೇರೆ ಆಗಿ ಬಾಯಿಗೆ ಬರುತ್ತದೆ. ಕಚ್ಚಿದಾಗ ಹಿಟ್ಟಿನ ಪದರ ತೆಳ್ಳಗೆ ಗರಿಯಾಗಿರಬೇಕು, ಕಾಯಿ ಬೆಂದು ಮೆತ್ತಗಾಗಿರಬೇಕು. ಪದರ ಬೋಂಡಾದ ಹಾಗೆ ಉಬ್ಬಿ ಒಳಗೆ ಟೊಳ್ಳಾಗಿದ್ದರೆ ಸೋಡಾ ಜಾಸ್ತಿ. ತಿಂದ ಒಂದು ಗಂಟೆಗೆ ಎದೆ ಉರಿ, ಬಾಯಾರಿಕೆ ಖಂಡಿತ.

ಒಮ್ಮೆ ಅರ್ಧ ಕರಿದು ತೆಗೆದು, ನೀವು ಕೇಳಿದಾಗ ತುಂಡು ಮಾಡಿ ಮತ್ತೆ ಎಣ್ಣೆಗೆ ಬಿಟ್ಟು ಕೊಡುವುದು ಕಟ್ ಮಿರ್ಚಿ. ತುಂಡಿನ ನಾಲ್ಕೂ ಕಡೆ ಗರಿಯಾಗುತ್ತದೆ, ಮೇಲೆ ಹಸಿ ಉಳ್ಳಾಗಡ್ಡಿ, ನಿಂಬೆ ಹಿಂಡಿ ಕೊಡುತ್ತಾರೆ. ಸಂಜೆ ನಾನು ಕೇಳುವುದು ಇದನ್ನೇ. ಹುಡುಗಿಗೆ ಖಾರ ತಡೆಯುತ್ತೋ ಇಲ್ಲವೋ ಅಂದುಕೊಂಡಿದ್ದೆ, ಎರಡನೇ ಭಾನುವಾರಕ್ಕೆ ಅವಳೇ "ಕಟ್ ಮಾಡಿ ಕೊಡಿ ಅಣ್ಣಾ" ಅಂತ ಕೇಳುವುದನ್ನು ಕಲಿತಿದ್ದಳು.

ಎಣ್ಣೆ ವಿಷಯದಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ. ಮೂರು ಗುರುತು ನೋಡಿ. ಹೊಸ ಎಣ್ಣೆಯ ಮೇಲೆ ಗುಳ್ಳೆ ದೊಡ್ಡದಾಗಿ ಎದ್ದು ಒಡೆದು ಹೋಗುತ್ತದೆ. ಸುಸ್ತಾದ ಎಣ್ಣೆಯ ಮೇಲೆ ಸಣ್ಣ ನೊರೆ ನಿಂತುಬಿಡುತ್ತದೆ. ಮಿರ್ಚಿ ಬಿಡುವ ಮೊದಲೇ ಹೊಗೆ ಬರುತ್ತಿದ್ದರೆ, ಕಣ್ಣು ಉರಿಯುತ್ತಿದ್ದರೆ ಅದು ಹಲವು ದಿನ ಕಂಡ ಎಣ್ಣೆ. ಬಾಣಲೆಯ ತಳ ಕಾಣದಷ್ಟು ಕಪ್ಪಾಗಿ ಸೌಟಿನಿಂದ ಸುರಿಯುವಾಗ ಜೋನಿಬೆಲ್ಲದ ಹಾಗೆ ಇಳಿದರೆ ಹಿಂದಿರುಗಿ ನೋಡದೆ ನಡೆಯಿರಿ. ಕಾನೂನೂ ಇದೆ. ಕಾಸಿ ಕಾಸಿ ಎಣ್ಣೆ ಒಡೆದಾಗ ಹುಟ್ಟುವ ಪೋಲಾರ್ ಸಂಯುಕ್ತಗಳು ಶೇ. 25 ದಾಟಿದ ಎಣ್ಣೆಯನ್ನು ಅಡುಗೆಗೆ ಬಳಸಕೂಡದು ಎಂಬ, ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿದೆ. ಬಂಡಿ ಮುಂದೆ ಅಳೆಯುವ ಯಂತ್ರ ಯಾರ ಹತ್ತಿರವೂ ಇರುವುದಿಲ್ಲ, ಅದಕ್ಕೇ ಕಣ್ಣು-ಮೂಗು. ನಾನು ಹೋಗುವ ಒಬ್ಬ ಮಿರ್ಚಿ ಅಣ್ಣ ಸಂಜೆ ಬಂಡಿ ಹಚ್ಚುವಾಗ ಎಣ್ಣೆ ಪಾಕೀಟನ್ನು ಗಿರಾಕಿಗಳ ಮುಂದೆಯೇ ಕತ್ತರಿಸುತ್ತಾರೆ. ಆ ಕತ್ತರಿಯ ಶಬ್ದಕ್ಕೇ ಅವರಿಗೆ ಐದು ರೂಪಾಯಿ ಜಾಸ್ತಿ ಕೊಡಬಹುದು.

ಬಿಸಿ ಮಿರ್ಚಿಯನ್ನು ಪೇಪರಿನಲ್ಲಿ ಕಟ್ಟಿಸಿಕೊಳ್ಳಬೇಡಿ. ಎಣ್ಣೆಗೆ ಅಚ್ಚಿನ ಮಸಿ ಬಿಡುತ್ತದೆ, ತಿಂಡಿ ಕಟ್ಟಲು ಸುದ್ದಿಪತ್ರಿಕೆ ಬಳಸಬಾರದು ಅಂತ ಸರ್ಕಾರವೂ ಹೇಳಿದೆ. ನನ್ನ ಬ್ಯಾಗಿನಲ್ಲಿ ಯಾವಾಗಲೂ ಒಂದು ಸ್ಟೀಲ್ ಡಬ್ಬಿ ಇರುತ್ತದೆ. "ಇದರಾಗ ಹಾಕಣ್ಣ" ಅಂದರೆ ಯಾರೂ ಬೇಡ ಅಂದಿಲ್ಲ.

ಚಟ್ನಿ, ನೀರು, ಮತ್ತೆ ನನ್ನ ಕಾಮಾಲೆ

ಎಣ್ಣೆಗಿಂತ ಹೆಚ್ಚು ಹೆದರಬೇಕಾದದ್ದು ನೀರಿಗೆ. 2013ರ ಮಳೆಗಾಲದಲ್ಲಿ ತಾಲ್ಲೂಕು ಊರೊಂದರಲ್ಲಿ ಹತ್ತು ದಿನದ ಲೆಕ್ಕದ ಕೆಲಸ ಬಿತ್ತು. ಆಫೀಸಿಗೆ ಹತ್ತಿರ ಅಂತ ಒಂದೇ ಇಡ್ಲಿ ಅಂಗಡಿಗೆ ಹತ್ತೂ ದಿನ ಹೋದೆ. ಇಡ್ಲಿ ಮೋಡದ ಹಾಗಿತ್ತು. ಚಟ್ನಿ ಬೆಳಿಗ್ಗೆ ಗಟ್ಟಿ ಇದ್ದದ್ದು ಒಂಬತ್ತಕ್ಕೆ ನೀರಾಗಿರುತ್ತಿತ್ತು. ಹುಡುಗ ಹಿಂದಿನ ಡ್ರಮ್ಮಿನಿಂದ ಚೊಂಬಿನಲ್ಲಿ ನೀರು ತಂದು ಸುರಿಯುವುದನ್ನು ಮೂರನೇ ದಿನವೇ ನೋಡಿದ್ದೆ. ನೋಡಿಯೂ ತಿಂದೆ. ಊರಿಗೆ ಬಂದು ಮೂರು ವಾರಕ್ಕೆ ಜ್ವರ, ವಾಂತಿ, ಕಣ್ಣು ಹಳದಿ. ನೀರಿನಿಂದ ಬರುವ ಕಾಮಾಲೆ ಒಳಹೊಕ್ಕು ಹೊರಗೆ ಕಾಣಲು ಎರಡರಿಂದ ಆರು ವಾರ ಬೇಕು ಅಂತ ಡಾಕ್ಟರು ಹೇಳಿದಾಗ ನನ್ನ ಕಣ್ಣ ಮುಂದೆ ಬಂದದ್ದು ಆ ಡ್ರಮ್ಮು. ಮಗ ಆಗ ಎರಡನೇ ಕ್ಲಾಸು. ತಿಂಗಳು ಅವನ ತಲೆ ಬಾಚಲೂ ಕೈಯಲ್ಲಿ ಶಕ್ತಿ ಇರಲಿಲ್ಲ.

ಅದಾದ ಮೇಲೆ ನನ್ನ ನಿಯಮ ಇಷ್ಟು. ಕುದಿದದ್ದು, ಕರಿದದ್ದು, ಕಣ್ಣ ಮುಂದೆ ಬೆಂದದ್ದು ತಿನ್ನುತ್ತೇನೆ. ಹಸಿ ಚಟ್ನಿ ಬೆಳಗಿನ ಮೊದಲ ಗಂಟೆಯಲ್ಲಿ ಮಾತ್ರ, ಅದೂ ಗಟ್ಟಿ ಇದ್ದರೆ. ಮಳೆಗಾಲದಲ್ಲಿ ಹಸಿ ಚಟ್ನಿ ಪೂರ್ತಿ ಬಂದ್. ಬದಲಿಗೆ ಶೇಂಗಾ ಪುಡಿಗೆ ಎಣ್ಣೆ ಹಾಕಿಸಿಕೊಳ್ಳುತ್ತೇನೆ. ನೀರು ಮನೆಯಿಂದ. ತಟ್ಟೆ ತೊಳೆಯುವ ಬಕೆಟ್ ಒಂದೇ ಇದ್ದು ನೀರು ಕಲಗಚ್ಚಾಗಿದ್ದರೆ ಎಲೆಯಲ್ಲೋ ಪೇಪರ್ ಪ್ಲೇಟಿನಲ್ಲೋ ಕೊಡಿ ಅಂತ ಕೇಳುತ್ತೇನೆ. ದುಡ್ಡು ಮುಟ್ಟುವ ಕೈ, ತಿಂಡಿ ಮುಟ್ಟುವ ಕೈ ಬೇರೆ ಇರುವ ಅಂಗಡಿ ಸಿಕ್ಕರೆ ಬಿಡಬೇಡಿ. ಈಗ ಫೋನ್‌ಪೇ ಬಂದಮೇಲೆ ಒಬ್ಬರೇ ನಡೆಸುವ ಬಂಡಿಯಲ್ಲೂ ಇದು ಸಾಧ್ಯವಾಗಿದೆ, ಆದ್ದರಿಂದ ಚಿಲ್ಲರೆ ಇದ್ದರೂ ನಾನು ಸ್ಕ್ಯಾನ್ ಮಾಡಿಯೇ ಕೊಡುತ್ತೇನೆ.

ಸ್ಯಾಂಡ್‌ವಿಚ್ ಕೇಳಿದ್ದಳಲ್ಲ

ಮೂರನೇ ಭಾನುವಾರ ಅವಳ ಆಸೆಯದ್ದು. ಕಾಲೇಜುಗಳ ಸುತ್ತ, ಗಾಂಧಿನಗರ, ಪಾರ್ವತಿನಗರದ ಕಡೆ ಈಗ ಸ್ಯಾಂಡ್‌ವಿಚ್, ಮ್ಯಾಗಿ, ಕೋಲ್ಡ್ ಕಾಫಿ ಮಾಡುವ ಸಣ್ಣ ಅಂಗಡಿಗಳು ಬಹಳ ಆಗಿವೆ. ಓದಿದ ಹುಡುಗರೇ ಸಾಲ ಮಾಡಿ ಹಾಕಿಕೊಂಡವು ಎಷ್ಟೋ. ಅವು ಉಳಿಯಬೇಕು ಅಂತ ನನಗೂ ಆಸೆ.

ಬ್ರೆಡ್ ಮೊದಲು. "ಇವತ್ತಿಂದೇನಪ್ಪ?" ಅಂತ ಕೇಳಿ, ಪಾಕೀಟಿನ ಮೇಲೆ ದಿನಾಂಕ ನೋಡಿ. ನಮ್ಮ ಸೆಕೆಗೆ ಬ್ರೆಡ್ ಎರಡೇ ದಿನಕ್ಕೆ ಬೂಸ್ಟು ಹಿಡಿಯುತ್ತದೆ. ಬೂಸ್ಟು ಹಿಡಿದ ಮೂಲೆ ಕಿತ್ತು ಉಳಿದದ್ದನ್ನು ಸುಟ್ಟು ಕೊಟ್ಟರೆ ಬಣ್ಣ ಕಾಣದು, ವಾಸನೆ ಕಾಣುತ್ತದೆ. ಆಲೂಗಡ್ಡೆ ಬೇಯಿಸಿ ಇಟ್ಟದ್ದು ಬೆಳಗಿನದಾ ಕೇಳಿ. ಸೌತೆಕಾಯಿ, ಬೀಟ್‌ರೂಟ್ ನಿಮ್ಮ ಮುಂದೆ ಹೆಚ್ಚಬೇಕು. ಹಸಿರು ಚಟ್ನಿ ಫ್ರಿಜ್ಜಿನಿಂದ ಬರಬೇಕು.

ಮಯೋನೀಸ್ ಹಾಕಿಸಿಕೊಳ್ಳಬೇಡಿ. ಹಸಿ ಮೊಟ್ಟೆಯಿಂದ ಅಂಗಡಿಯಲ್ಲೇ ಮಾಡಿದ್ದಾದರೆ ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾಕ್ಕೆ ಅದು ಒಳ್ಳೆ ಮನೆ. ತೆಲಂಗಾಣ 2024ರ ಅಕ್ಟೋಬರ್‌ನಲ್ಲಿ, ತಮಿಳುನಾಡು 2025ರ ಏಪ್ರಿಲ್‌ನಲ್ಲಿ ಹಸಿ ಮೊಟ್ಟೆಯ ಮಯೋನೀಸನ್ನು ಒಂದು ವರ್ಷಕ್ಕೆ ನಿಷೇಧಿಸಿದವು. ಕಂಪನಿಯ ಪಾಕೀಟಿನ, ಮೊಟ್ಟೆ ಇಲ್ಲದ್ದೇ ಆದರೂ ಬಾಯಿ ತೆರೆದು ಕೌಂಟರ್ ಮೇಲೆ ಮಧ್ಯಾಹ್ನದಿಂದ ಕೂತಿದ್ದರೆ ಬೇಡ. ಬೆಣ್ಣೆ ಅಂತ ಬರೆದ ಕಡೆ ಯಾವ ಪಾಕೀಟು ಅಂತ ನೋಡಿ, ಮಾರ್ಗರಿನ್ ಆಗಿದ್ದರೆ ಅಂಗುಳಿಗೆ ಮೇಣ ಹತ್ತಿದ ಹಾಗಾಗುತ್ತದೆ. ಗೋಬಿ ಮಂಚೂರಿ ಕಡುಗೆಂಪಾಗಿದ್ದರೆ ಮುಟ್ಟಬೇಡಿ. ಕೃತಕ ಬಣ್ಣ ಹಾಕುವುದನ್ನು ಕರ್ನಾಟಕ ಸರ್ಕಾರ 2024ರ ಮಾರ್ಚ್‌ನಲ್ಲೇ ನಿಷೇಧಿಸಿದೆ. ಲೈಸೆನ್ಸ್ ನೋಡುವ ಅಭ್ಯಾಸ ಮಾಡಿಕೊಳ್ಳಿ. ಗೋಡೆ ಮೇಲೆ ಎಫ್‌ಎಸ್‌ಎಸ್‌ಎಐ ಪ್ರಮಾಣಪತ್ರ, 14 ಅಂಕಿಯ ನಂಬರು ಇರಬೇಕು. ಹಾಕಿಕೊಂಡ ಹುಡುಗರು ಹೆಮ್ಮೆಯಿಂದ ತೋರಿಸುತ್ತಾರೆ.

ನನ್ನನ್ನು ಕೇಳಿದರೆ, ಬ್ರೆಡ್ಡಿನ ತಿಂಡಿಗೆ ಸಂಜೆಯ ಬೇಕರಿಯೇ ಮೇಲು. ಅಯ್ಯಂಗಾರ್ ಬೇಕರಿಯ ಮಸಾಲ ಟೋಸ್ಟ್ ಕಲ್ಲಿನ ಮೇಲೆ ಬ್ರೆಡ್ಡನ್ನು ಕೆಂಪಗೆ ಮಾಡಿ, ಉಳ್ಳಾಗಡ್ಡಿ-ಕ್ಯಾರೆಟ್-ಹಸಿಮೆಣಸಿನಕಾಯಿ ಬಾಡಿಸಿದ್ದನ್ನು ಬಿಸಿಬಿಸಿ ಹೇರಿ ಕೊಡುವಂಥದ್ದು. ಖಾರಾ ಬನ್ ಒಲೆಯಿಂದ ಬರುವ ಹೊತ್ತು ಕೇಳಿ ಇಟ್ಟುಕೊಳ್ಳಿ, ದಿನಾ ಅದೇ ಹೊತ್ತಿಗೆ ಬರುತ್ತದೆ. ನಾವು ಸಣ್ಣವರಿದ್ದಾಗ ಬೇಕರಿಯಿಂದ ಬನ್, ಬಂಡಿಯಿಂದ ಮಿರ್ಚಿ ತಂದು ಬನ್ ಸೀಳಿ ಒಳಗಿಟ್ಟು ಒತ್ತಿ ತಿನ್ನುತ್ತಿದ್ದೆವು. ಅದನ್ನು ಹುಡುಗಿಗೆ ಮಾಡಿಕೊಟ್ಟೆ. ಸಿಹಿ ಬನ್ನು, ಹುಳಿ-ಖಾರದ ಕಾಯಿ, ಗರಿ ಪದರ. ಎರಡು ನಿಮಿಷ ಮಾತೇ ಆಡಲಿಲ್ಲ. ಈಗ ಅವಳ ರೂಮಿನವರೆಲ್ಲ ಅದನ್ನೇ ತಿನ್ನುತ್ತಿದ್ದಾರಂತೆ.

ಖಾನಾವಳಿ

ಖಾನಾವಳಿ ಹುಡುಕಲು ಕಿವಿ ಸಾಕು. ರೊಟ್ಟಿ ಬಡಿಯುವ ಶಬ್ದ ಬೀದಿಗೆ ಕೇಳಬೇಕು. ಒಳಗೆ ಹೆಂಗಸರು ಕೂತು ಬಡಿದು ಬಡಿದು ಹಂಚಿಗೆ ಹಾಕುತ್ತಿದ್ದರೆ ನಿಮ್ಮ ತಟ್ಟೆಗೆ ಬರುವುದು ಬಿಸಿ ರೊಟ್ಟಿ. ಶಬ್ದ ಇಲ್ಲದ ಕಡೆ ಮುಂಜಾನೆ ಮಾಡಿ ಒಟ್ಟಿದ್ದು ಬರುತ್ತದೆ, ಅದು ಮೆತ್ತಗೂ ಅಲ್ಲ, ಖಡಕ್ಕೂ ಅಲ್ಲ. ಖಡಕ್ ರೊಟ್ಟಿಯೇ ಬೇಕಾದರೆ ಹಾಗಂತ ಕೇಳಿ. ಅದನ್ನು ಒಣಗಿಸಿ ಮಾಡಿದ್ದು ಬೇರೆ, ಆರಿಹೋದ ರೊಟ್ಟಿ ಬೇರೆ. ಹೊಸ ಬಿಳಿಜೋಳ ಬರುವ ಫೆಬ್ರುವರಿ-ಮಾರ್ಚ್‌ನಲ್ಲಿ ರೊಟ್ಟಿಗೆ ತಾನಾಗಿಯೇ ಒಂದು ಸಿಹಿ ಇರುತ್ತದೆ. ಆ ಎರಡು ತಿಂಗಳು ನಾನು ಅನ್ನ ಮುಟ್ಟುವುದೇ ಕಡಿಮೆ.

ತಟ್ಟೆಯಲ್ಲಿ ಪುಂಡಿಪಲ್ಯ ಇದೆಯಾ ನೋಡಿ. ಎಣ್ಣೆಗಾಯಿ, ಕಾಳುಪಲ್ಯ ಎಲ್ಲರೂ ಮಾಡುತ್ತಾರೆ. ಪುಂಡಿಸೊಪ್ಪನ್ನು ಬಿಡಿಸಿ, ಬೇಯಿಸಿ, ಜೋಳದ ನುಚ್ಚು ಹಾಕಿ ಕಡೆದು, ಬೆಳ್ಳುಳ್ಳಿ ಒಗ್ಗರಣೆ ಕೊಡಲು ತಾಳ್ಮೆ ಬೇಕು, ಅದನ್ನು ಮಾಡುವ ಖಾನಾವಳಿ ಉಳಿದದ್ದನ್ನೂ ಕೈಬಿಡುವುದಿಲ್ಲ. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಅಂತ ಚಟ್ನಿಪುಡಿ ಇರುತ್ತವೆ, ಎರಡೂ ಕೇಳಿ, ಒಂದಕ್ಕೆ ಮೊಸರು, ಒಂದಕ್ಕೆ ಎಣ್ಣೆ. ಒಬ್ಬಳೇ ಹೋದರೆ ನಾನು ಅಡುಗೆಮನೆ ಬಾಗಿಲಿನ ಪಕ್ಕದ ಟೇಬಲ್ ಹಿಡಿಯುತ್ತೇನೆ. ರೊಟ್ಟಿ ಬಡಿಯುವ ಅಕ್ಕಂದಿರು ಕಣ್ಣೆದುರಿಗೇ ಇರುತ್ತಾರೆ, "ಇನ್ನೊಂದು ಹಾಕ್ಲೇನಕ್ಕಾ?" ಅಂತ ಒಳಗಿನಿಂದಲೇ ಕೇಳುತ್ತಾರೆ.

ರಾಯಚೂರು, ಕೊಪ್ಪಳಕ್ಕೆ ಹೋದಾಗ

ಬಳ್ಳಾರಿಯ ಲೆಕ್ಕ ಹಿಡಿದು ರಾಯಚೂರಿಗೆ ಹೋದರೆ ಎಡವುತ್ತೀರಿ. ಆ ಊರು 1948ರವರೆಗೆ ನಿಜಾಮರ ಹೈದರಾಬಾದಿಗೆ ಸೇರಿತ್ತು, ಅಲ್ಲಿ ಮೊದಲು ಕೇಳಬೇಕಾದದ್ದು ಚಹಾ. ಸ್ಟೇಷನ್ ರಸ್ತೆ, ತೀನ್ ಕಂದೀಲ್ ಸುತ್ತಮುತ್ತ ಹಾಲು ಬೇರೆ, ಡಿಕಾಕ್ಷನ್ ಬೇರೆ ಕಾಯಿಸಿ ಕಪ್ಪಿನಲ್ಲಿ ಕೂಡಿಸುವ ಚಹಾದ ಹೋಟೆಲುಗಳಿವೆ. ಹಾಲು ಕುದ್ದು ಕುದ್ದು ಕೆನೆಬಣ್ಣಕ್ಕೆ ತಿರುಗಿರಬೇಕು. ಜೊತೆಗೆ ಉಪ್ಪು-ಸಿಹಿ ಎರಡೂ ಇರುವ ಉಸ್ಮಾನಿಯಾ ಬಿಸ್ಕತ್ತು. ಹೆಂಗಸರು ಒಳಗೆ ಕೂರುವುದು ಕಡಿಮೆ. ನಾನು ಹೋಗಿ ಕೂರುತ್ತೇನೆ, "ಭಾಯ್, ಒಂದು ಚಾಯ್" ಅಂದರೆ ಟೇಬಲ್ ಒರೆಸಿ ತಂದಿಡುತ್ತಾರೆ, ಇಷ್ಟು ವರ್ಷದಲ್ಲಿ ಒಮ್ಮೆಯೂ ಮುಜುಗರ ಆಗಿಲ್ಲ. ನಮ್ಮ ಮಂಡಕ್ಕಿಗೆ ಅಲ್ಲಿ ಮಂಡಾಳು ಅಂತ ಹೆಸರು, ಒಗ್ಗರಣಿಗೆ ಸುಸಲಾ ಅಂತಲೂ ಅನ್ನುತ್ತಾರೆ. ಹೆಸರು ತಿಳಿಯದೆ ಮೊದಲ ಸಲ ಉಪ್ಪಿಟ್ಟು ತಿಂದು ಬಂದಿದ್ದೆ.

ಕೊಪ್ಪಳಕ್ಕೆ ಜನವರಿಯಲ್ಲಿ ಹೋಗಿ, ಗವಿಸಿದ್ಧೇಶ್ವರ ಮಠದ ಜಾತ್ರೆಗೆ. ಸುತ್ತಲ ಹಳ್ಳಿಯವರು ಮನೆಯಲ್ಲಿ ಬಡಿದ ರೊಟ್ಟಿಯನ್ನು, ಗೋಧಿ-ಬೆಲ್ಲದ ಸಿಹಿಯಾದ ಮಾದಲಿಯನ್ನು ಬಂಡಿ-ಟ್ರ್ಯಾಕ್ಟರ್‌ಗಳಲ್ಲಿ ಹೇರಿಕೊಂಡು ದಾಸೋಹಕ್ಕೆ ತಂದುಕೊಡುತ್ತಾರೆ. ದಾಸೋಹದಲ್ಲಿ ಮಿರ್ಚಿಯನ್ನು ಲಕ್ಷಗಟ್ಟಲೆ ಕರಿದು ಬಡಿಸುವ ದಿನವೊಂದಿದೆ. ಸಾಲು ಸಾಲು ಬಾಣಲೆ, ಹಿಟ್ಟು ಕಲಸುವವರು ಒಂದು ಕಡೆ, ಕಾಯಿ ಸೀಳುವವರು ಒಂದು ಕಡೆ, ಎಲ್ಲ ಸೇವೆಗೆ ಬಂದವರು. ಅಂಗಡಿಯದ್ದಲ್ಲ, ದುಡ್ಡಿಗೆ ಸಿಗುವುದಲ್ಲ, ಆದರೂ ಮಿರ್ಚಿಯ ಬಗ್ಗೆ ಬರೆಯುವಾಗ ಇದನ್ನು ಬಿಡಲು ಮನಸ್ಸಾಗಲಿಲ್ಲ. ನೆಲದ ಮೇಲೆ ಕೂತು, ಪಕ್ಕದಲ್ಲಿ ಯಾರೋ ಅಜ್ಜಿ, ಎದುರಿಗೆ ಯಾರದೋ ಮಗು, ತಟ್ಟೆಯಲ್ಲಿ ಬಿಸಿ ಮಿರ್ಚಿ. ಅಂಥ ಮಿರ್ಚಿ ನಾನು ಬೇರೆಲ್ಲೂ ತಿಂದಿಲ್ಲ.

ಕೊನೆಗೆ ಪಾರ್ಸೆಲ್. ರಾತ್ರಿ ಹಂಪಿ ಎಕ್ಸ್‌ಪ್ರೆಸ್‌ಗೆ ಬೆಂಗಳೂರಿಗೆ ಹೊರಟವರು ಒಗ್ಗರಣಿ-ಮಿರ್ಚಿ ಒಂದೇ ಪೊಟ್ಟಣದಲ್ಲಿ ಕಟ್ಟಿಸಿಕೊಂಡು ಹೋದರೆ, ಗುಂತಕಲ್ ದಾಟುವಷ್ಟರಲ್ಲಿ ಎರಡೂ ಹಾಳಾಗಿರುತ್ತವೆ. ಒಗ್ಗರಣಿ ಮುಚ್ಚಿದ ಡಬ್ಬಿಗೆ. ಮಿರ್ಚಿಯನ್ನು ಎರಡು ನಿಮಿಷ ಆರಲು ಬಿಟ್ಟು, ಉಗಿ ಹೋದ ಮೇಲೆ ಬಾಯಿ ಅರ್ಧ ತೆರೆದ ಡಬ್ಬಿಗೆ. ಪುಠಾಣಿ ಹಿಟ್ಟನ್ನು ಚೀಟಿಯಲ್ಲಿ ಬೇರೆ ಕೇಳಿ ಇಸಿದುಕೊಳ್ಳಿ, ತಿನ್ನುವ ಮುಂಚೆ ಉದುರಿಸಿ ಕಲಸಿದರೆ ಒಗ್ಗರಣಿ ಮತ್ತೆ ಕಾಳು ಕಾಳಾಗುತ್ತದೆ. ಕೌಲ್ ಬಜಾರ್ ಅವ್ವನ ಹತ್ತಿರ ಇದನ್ನು ಬಾಯಿಬಿಟ್ಟು ಕೇಳಬೇಕಾಗಿಲ್ಲ. ದಸರಾ ರಜೆಗೆ ಊರಿಗೆ ಹೊರಟ ಹುಡುಗಿಯ ಕೈಗೆ ಅವರೇ ಒಂದು ಚೀಟಿ ಕಟ್ಟಿಕೊಟ್ಟು, "ನಿಮ್ಮವ್ವಗ ತೋರ್ಸು, ಬಳ್ಳಾರಿ ಪುಠಾಣಿ ಅಂತ ಹೇಳು" ಅಂದರಂತೆ.